ನಿಮಗಿದು ಗೊತ್ತೇ? ಹಲ್ಲಿನ ಕ್ಯಾಪಿಗೆ ಮೊದಲು ವಸಡಿಗೊಂದು ದಾರ

ರೂಟ್ ಕೆನಾಲ್ ಆಯಿತು, ಹಲ್ಲನ್ನು ಅರೆದು ಸಣ್ಣದು ಮಾಡಿದ್ದೂ ಆಯಿತು. ಅಳತೆ ತೆಗೆದರೆ ಮನೆಗೆ ಹೋಗಬಹುದು ಅಂದುಕೊಳ್ಳುವಾಗ ವೈದ್ಯರು ಹಲ್ಲಿನ ಬುಡದ ಸುತ್ತ ಏನೋ ದಾರ ತುರುಕತೊಡಗುತ್ತಾರೆ. ಹಿರಿಯೂರಿನ ಸಣ್ಣ ಕ್ಲಿನಿಕ್ಕಿರಲಿ, ಚಿತ್ರದುರ್ಗದ ಎಸ್‌ಜೆಎಂ ದಂತ ವೈದ್ಯಕೀಯ ಕಾಲೇಜಿರಲಿ, ಕ್ಯಾಪು, ಬ್ರಿಡ್ಜು ಎಷ್ಟು ಬಿಗಿಯಾಗಿ ಕೂರುತ್ತದೆ ಎಂಬುದು ಬಹುಪಾಲು ಆ ಹತ್ತು ನಿಮಿಷದಲ್ಲೇ ತೀರ್ಮಾನವಾಗುತ್ತದೆ.

ವಸಡಿನ ಮೇಲಂಚು ಹಲ್ಲಿಗೆ ಅಂಟಿಕೊಂಡಿಲ್ಲ, ಗೊತ್ತೇ? ಅಂಗಿಯ ಕಾಲರ್ ಕುತ್ತಿಗೆಯ ಸುತ್ತ ನಿಂತ ಹಾಗೆ ನಿಂತಿರುತ್ತದೆ. ನಡುವಿನ ಸಂದಿನ ಆಳ ಆರೋಗ್ಯವಂತರಲ್ಲಿ 1ರಿಂದ 3 ಮಿಲಿಮೀಟರ್. ಮುಂದಿನ ಹಲ್ಲಾದರೆ ಕ್ಯಾಪಿನ ಅಂಚು ಕಾಣಬಾರದೆಂದು ಅದನ್ನು ಈ ಸಂದಿನೊಳಗೆ ಅರ್ಧ ಮಿಲಿಮೀಟರಿನಷ್ಟು ಇಳಿಸುತ್ತಾರೆ. ಅಳತೆಯ ಪೇಸ್ಟು ಅಲ್ಲಿಗೆ ಇಳಿಯಬೇಕಾದರೆ ವಸಡು ಸ್ವಲ್ಪ ಹೊತ್ತು ಪಕ್ಕಕ್ಕೆ ಸರಿದಿರಬೇಕು. ಸರಿಸುವುದೇ ದಾರದ ಕೆಲಸ.

ಎಷ್ಟು ಸರಿದರೆ ಸಾಕು? 0.2 ಮಿಲಿಮೀಟರ್. ಅದಕ್ಕಿಂತ ಕಡಿಮೆಯಾದರೆ ಸಂದಿಗೆ ಹೋದ ಪೇಸ್ಟು ಪೊರೆಯಷ್ಟು ತೆಳುವಾಗಿ, ಬಾಯಿಂದ ತೆಗೆಯುವಾಗ ಹರಿದುಹೋಗುತ್ತದೆ. ದಾರ ತೆಗೆದ ಮರುಗಳಿಗೆಯಿಂದಲೇ ವಸಡು ಮತ್ತೆ ಮುಚ್ಚಿಕೊಳ್ಳತೊಡಗುತ್ತದೆ. ಆಗ ವೈದ್ಯರು "ಬಾಯಿ ಮುಚ್ಚಬೇಡಿ, ನಾಲಿಗೆ ಆಡಿಸಬೇಡಿ" ಎಂದು ಅವಸರಪಡಿಸಿದರೆ ಬೇಜಾರಾಗಬೇಡಿ.

ದಾರ ಸಾಮಾನ್ಯವಾಗಿ ಹತ್ತಿಯದೇ. ಹೆಣೆದದ್ದು, ಹೊಸೆದದ್ದು ಎರಡೂ ಉಂಟು. ದಪ್ಪದ ಗುರುತಿನಲ್ಲಿ ಸೊನ್ನೆ ಹೆಚ್ಚಾದಷ್ಟೂ ದಾರ ಸಣ್ಣದು: ಮೂರು ಸೊನ್ನೆಯದು ಎಲ್ಲಕ್ಕಿಂತ ತೆಳು.

ಬರೀ ದಾರ ವಸಡನ್ನು ಸರಿಸೀತು, ರಕ್ತ ನಿಲ್ಲಿಸದು. ಅದಕ್ಕೇ ಔಷಧಿಯಲ್ಲಿ ಅದ್ದುತ್ತಾರೆ. ಕ್ಷೌರದಂಗಡಿಯಲ್ಲಿ ಗಾಯಕ್ಕೆ ಸವರುವ ಪಟಿಕವೂ ಈ ಪಟ್ಟಿಯಲ್ಲಿದೆ! ಈಗ ಹೆಚ್ಚು ಬಳಕೆಯಲ್ಲಿರುವುದು ಅಲ್ಯೂಮಿನಿಯಂ ಕ್ಲೋರೈಡ್. ಫೆರಿಕ್ ಸಲ್ಫೇಟ್ ರಕ್ತವನ್ನು ಚೆನ್ನಾಗಿ ನಿಲ್ಲಿಸುತ್ತದೆ, ಆದರೆ ವಸಡಿಗೆ ಕೆಲವು ದಿನ ಕಂದುಗಪ್ಪು ಬಣ್ಣ ಹತ್ತಿಸುತ್ತದೆ. ಹುಷಾರಾಗಿರಬೇಕಾದ್ದು ಅಡ್ರಿನಲಿನ್ ದಾರದ ವಿಷಯದಲ್ಲಿ. ಅಡ್ರಿನಲಿನ್ ವಸಡಿನ ಮೂಲಕ ರಕ್ತಕ್ಕೆ ಸೇರುತ್ತದೆ, ವಸಡು ಕಿತ್ತಿದ್ದರೆ ಇನ್ನೂ ಹೆಚ್ಚು. ಎದೆ ಢವಢವ ಅನ್ನುತ್ತದೆ, ಬಿ.ಪಿ. ಏರುತ್ತದೆ. ಗಟ್ಟಿಮುಟ್ಟಾದವರಿಗೆ ಒಂದು ಸಲಕ್ಕೆ 0.2 ಮಿಲಿಗ್ರಾಂ ಮಿತಿ ಎನ್ನುತ್ತಾರೆ, ಹೃದ್ರೋಗಿಗಳಿಗೆ 0.04 ಮಾತ್ರ. ಅಲ್ಯೂಮಿನಿಯಂ ಕ್ಲೋರೈಡ್ ಇರುವಾಗ ಇದರ ಗೊಡವೆ ಏಕೆ ಅನ್ನುವುದು ನನ್ನ ಅಭಿಪ್ರಾಯ. ಬಿ.ಪಿ., ಹೃದಯ, ಥೈರಾಯ್ಡ್ ಮಾತ್ರೆ ನುಂಗುವವರು ಕುರ್ಚಿಯಲ್ಲಿ ಕೂರುವ ಮೊದಲೇ ಹೇಳಿಬಿಡಿ. "ಹಲ್ಲಿಗೂ ಹೃದಯಕ್ಕೂ ಏನು ಸಂಬಂಧ" ಅಂತ ಸುಮ್ಮನಿರಬೇಡಿ.

ಒಣಗಿದ ದಾರವನ್ನು ಹಾಗೇ ಎಳೆದರೆ ವಸಡಿನ ಪದರವೂ ಜೊತೆಗೆ ಕಿತ್ತುಬಂದು ಮತ್ತೆ ರಕ್ತ ಜಿನುಗುತ್ತದೆ. ಆದ್ದರಿಂದ ತೆಗೆಯುವ ಮೊದಲು ನೀರು ಸೋಕಿಸುತ್ತಾರೆ.

ಚಿತ್ರದುರ್ಗ ಜಿಲ್ಲೆಯ ಬೋರ್‌ವೆಲ್ ನೀರಿಗೂ ಈ ದಾರಕ್ಕೂ ನಂಟಿದೆ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ದಾರಿಯೇ ಇಲ್ಲದಿದ್ದರೆ 1.5ರವರೆಗೆ ಎನ್ನುತ್ತದೆ ಭಾರತೀಯ ಮಾನದಂಡ. ಇಲ್ಲಿನ ಎಷ್ಟೋ ಹಳ್ಳಿಗಳ ಬೋರ್‌ವೆಲ್ ಈ ಮಿತಿ ದಾಟಿದೆ. ಸುಮಾರು ಎಂಟು ವರ್ಷದೊಳಗೆ, ಹಲ್ಲಿನ ಎನಾಮಲ್ ಕಟ್ಟಿಕೊಳ್ಳುವ ಕಾಲದಲ್ಲಿ, ಇಂಥ ನೀರು ಕುಡಿದವರ ಹಲ್ಲಿಗೆ ಬಂದ ಕಂದು ಕಲೆ ಎಷ್ಟು ಉಜ್ಜಿದರೂ ಹೋಗದು. ಕಲೆ ತೀರಾ ಹೆಚ್ಚಿದ್ದವರು ಮದುವೆಗೆ ಮುಂಚೆ ಕ್ಯಾಪು, ವಿನೀರ್ ಅಂತ ಬರುತ್ತಾರೆ. ಹಲ್ಲಿನ ಬುಡದ ಕಂದು ಬಣ್ಣವೂ ಮುಚ್ಚಬೇಕಾದರೆ ಅಂಚು ವಸಡಿನಡಿಗೆ ಇಳಿಯಲೇಬೇಕು, ದಾರ ಬರಲೇಬೇಕು.

ಹೊಳಲ್ಕೆರೆ, ಹೊಸದುರ್ಗದ ತೋಟದವರಿಗೆ, ಭೀಮಸಮುದ್ರದ ಅಡಿಕೆ ಮಂಡಿಯವರಿಗೆ ಒಂದು ಮಾತು. ಎಲೆ, ಅಡಿಕೆ, ಹೊಗೆಸೊಪ್ಪು ಸದಾ ದವಡೆಯಲ್ಲಿದ್ದರೆ ಗಾರೆ ಕಟ್ಟಿ ವಸಡು ಊದಿರುತ್ತದೆ. ಊದಿದ ವಸಡು ಮುಟ್ಟಿದರೆ ರಕ್ತ. ರಕ್ತವಿದ್ದಲ್ಲಿ ಅಳತೆಯ ಸಿಲಿಕೋನ್ ಪೇಸ್ಟು ಸರಿಯಾಗಿ ಅಚ್ಚಾಗದು. "ಮೊದಲು ಕ್ಲೀನಿಂಗ್, ಒಂದೆರಡು ವಾರ ಬಿಟ್ಟು ಅಳತೆ" ಎಂದು ವೈದ್ಯರು ಹೇಳಿದರೆ ಅದು ದುಡ್ಡು ಕೀಳುವ ಉಪಾಯವಲ್ಲ.

ದಾರವೇ ಬೇಡ ಎನ್ನುವ ವಿಧಾನಗಳೂ ಬಂದಿವೆ. ಕೇಯೋಲಿನ್ ಎಂಬ ಬಿಳಿ ಜೇಡಿಗೆ ಅಲ್ಯೂಮಿನಿಯಂ ಕ್ಲೋರೈಡ್ ಬೆರೆಸಿದ ಪೇಸ್ಟನ್ನು ಸಂದಿಗೆ ತುಂಬಿ, ಸುಮಾರು ಎರಡು ನಿಮಿಷದಲ್ಲಿ ತೊಳೆದುಬಿಡುತ್ತಾರೆ. ನೋವು ಕಡಿಮೆ, ಬೆಲೆ ಜಾಸ್ತಿ. ಸಂದು ಆಳವಿದ್ದರೆ ದಾರದಷ್ಟು ಸರಿಸುವುದಿಲ್ಲ. ಹಿಗ್ಗುವ ಸಿಲಿಕೋನ್ ನೊರೆಯುಂಟು, ಲೇಸರ್ ಉಂಟು. ವಿದ್ಯುತ್ತಿನಿಂದ ವಸಡು ಸವರುವ ಯಂತ್ರವೂ ಉಂಟು, ಪೇಸ್‌ಮೇಕರ್ ಇದ್ದವರಿಗೆ ಮಾತ್ರ ಅದು ಕೂಡದು.

ವೈದ್ಯರು ರಬ್ಬರ್ ಗ್ಲೌಸ್ ಬಿಚ್ಚಿ ಅಳತೆಯ ಪೇಸ್ಟು ಕಲಸುವುದನ್ನು ನೋಡಿದ್ದೀರಾ? ಗ್ಲೌಸಿನ ಗಂಧಕ ಸೋಕಿದರೆ ಕೆಲವು ಸಿಲಿಕೋನ್ ಗಟ್ಟಿಯಾಗುವುದೇ ಇಲ್ಲ.

"ಈಗ ಅಳತೆಗೆ ಸ್ಕ್ಯಾನರ್ ಬಂದಿದೆಯಲ್ಲ, ದಾರ ಯಾಕೆ?" ಸ್ಕ್ಯಾನರಿಗೆ ಬೆಳಕು ಬಿದ್ದಷ್ಟೇ ಕಾಣುವುದು. ವಸಡಿನಡಿ ಅಡಗಿದ ಅಂಚು ಅದಕ್ಕೂ ಕಾಣದು.

ದವಡೆ ಹಲ್ಲಿಗೆ ಅಂಚನ್ನು ವಸಡಿನ ಮೇಲೆಯೇ ನಿಲ್ಲಿಸಿದರೆ ಈ ಉಸಾಬರಿಯೇ ಇರದು. ಉಜ್ಜಲೂ ಸುಲಭ. ಕೇಳಿ ನೋಡಿ.

ಅಳತೆಯಾದ ಮೇಲೆ ವಸಡು ಕೆಲವು ದಿನ ನೋಯುವುದು ಸಹಜ, ತಾನೇ ವಾಸಿಯಾಗುತ್ತದೆ. ನೋವು ಹೆಚ್ಚುತ್ತಾ ಹೋಗಿ ಒಂದೇ ಹಲ್ಲಿನ ಬುಡ ಊದಿದರೆ ತಡಮಾಡದೆ ತೋರಿಸಿ: ದಾರದ ತುಂಡು ಒಳಗೇ ಉಳಿದಿರುವುದೂ ಉಂಟು.