ಒಂದೇ ಪಾಠ, ಬೇರೆ ಬೇರೆ ಸಂಬಳ

ಒಂದೇ ಕಾಲೇಜು, ಒಂದೇ ಸಿಲಬಸ್. ಪಾಠ ಮಾಡುವ ಇಬ್ಬರ ಸಂಬಳದಲ್ಲಿ ಮಾತ್ರ ಅಜಗಜಾಂತರ!

ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ಏಳನೇ ವೇತನ ಶ್ರೇಣಿಯಲ್ಲಿ ಕಾಯಂ ಸಹಾಯಕ ಪ್ರಾಧ್ಯಾಪಕರ ಆರಂಭದ ಮೂಲವೇತನವೇ 57,700 ರೂಪಾಯಿ. ಸಹ ಪ್ರಾಧ್ಯಾಪಕರಿಗೆ 1,31,400, ಪ್ರಾಧ್ಯಾಪಕರಿಗೆ 1,44,200. ತುಟ್ಟಿಭತ್ಯೆ, ಮನೆ ಬಾಡಿಗೆ ಭತ್ಯೆ ಇದರ ಮೇಲೆ.

ಸಂಶೋಧಕರಿಗೆ ಎಷ್ಟು? ಕಿರಿಯ ಸಂಶೋಧನಾ ಫೆಲೋಶಿಪ್ (ಜೆಆರ್‌ಎಫ್) ಪಡೆದವರಿಗೆ 2023ರ ಜನವರಿಯಿಂದ ತಿಂಗಳಿಗೆ 37,000. ಎರಡು ವರ್ಷ ಕಳೆದು ಹಿರಿಯ ಫೆಲೋ (ಎಸ್‌ಆರ್‌ಎಫ್) ಆದರೆ 42,000.

ಇನ್ನು ಕರ್ನಾಟಕದ ಸರ್ಕಾರಿ ಪದವಿ ಕಾಲೇಜುಗಳ ಅತಿಥಿ ಉಪನ್ಯಾಸಕರು. ಇವರಿಗೆ ಸಿಗುವುದು ಸಂಬಳವಲ್ಲ, ಗೌರವಧನ.

2022ರ ಆರಂಭದವರೆಗೂ ಅದು ತಿಂಗಳಿಗೆ 11,000ದಿಂದ 13,000 ಅಷ್ಟೇ! ತರಗತಿ ಬಿಟ್ಟು ಬೀದಿಗಿಳಿದು ಹೋರಾಡಿದ ಮೇಲೆ ಗರಿಷ್ಠ 32,000ಕ್ಕೇರಿತು. ಜೊತೆಗೇ ವಾರದ ಬೋಧನೆಯೂ 15 ಗಂಟೆಯಾಯಿತು. ಒಬ್ಬೊಬ್ಬರ ಪಾಠದ ಗಂಟೆ ಹೆಚ್ಚಿದ್ದರಿಂದ ಹಲವರಿಗೆ ಆ ವರ್ಷ ಕೆಲಸವೇ ಇಲ್ಲವಾಯಿತು.