ಪಂಚವಟಿಯ ಗೋಡೆಗಳು: ಫೋಟೋ ನಮ್ಮದು, ಚಿತ್ರ ಯಾರದು?

ಪುಣೆಯಲ್ಲಿ ಕೆಲಸ ಮಾಡೋ ನಮ್ಮಂಥವರಿಗೆ ನಾಸಿಕ್ ಅಂದ್ರೆ ಒಂದು ವೀಕೆಂಡ್ ದಾರಿ, ಹೆಚ್ಚುಕಮ್ಮಿ 210 ಕಿಲೋಮೀಟರ್. ರಾಮಕುಂಡ, ಕಾಳಾರಾಮ ಮಂದಿರ ನೋಡ್ಕೊಂಡು ವಾಪಸ್ ಬಂದ್ಬಿಡ್ತೀವಿ. ಹೋದ ಸಲ ನಾನು ಪಂಚವಟಿಯ ಗಲ್ಲಿಗಳಲ್ಲಿ ಗೋಡೆ ಚಿತ್ರಗಳ ಫೋಟೋ ತೆಗೀತಾ ಅರ್ಧ ದಿನ ಕಳೆದೆ. ಅಲ್ಲಿ ಒಂದು ತಪ್ಪನ್ನೂ ಮಾಡಿದೆ. ಅದಕ್ಕೆ ಆಮೇಲೆ ಬರ್ತೀನಿ.

ಮೊದಲು, ಯಾಕೆ ತೆಗೀಬೇಕು? ಗೋದಾವರಿ ದಂಡೆಯಲ್ಲಿ ದುತೋಂಡ್ಯಾ ಮಾರುತಿ ಅಂತ ಎರಡು ಮುಖದ ದೊಡ್ಡ ವಿಗ್ರಹ ಇದೆ. ಪ್ರವಾಹ ಬಂದಾಗ ನೀರು ಮಾರುತಿಯ ಎಲ್ಲಿವರೆಗೆ ಏರಿತು ಅಂತ ನೋಡಿಯೇ ಊರಿನವರು ಲೆಕ್ಕ ಹಾಕ್ತಾರೆ. ಅಂಥ ಊರಲ್ಲಿ ಗೋಡೆ ಮೇಲಿನ ಬಣ್ಣಕ್ಕೆ ಆಯಸ್ಸು ಎಷ್ಟು? ಜೊತೆಗೆ 2027ರ ಸಿಂಹಸ್ಥ ಕುಂಭಮೇಳ ಬೇರೆ. ಇಂಥ ಸಮಯದಲ್ಲಿ ಹಳೇ ಚಿತ್ರದ ಮೇಲೆ ಹೊಸ ಬಣ್ಣ ಬೀಳೋದು ಸಾಮಾನ್ಯ. ಇವತ್ತಿನ ಫೋಟೋ ನಾಳೆಗೆ ದಾಖಲೆ. ಹಾಗಾಗಿ ದಿನಾಂಕ, ಗಲ್ಲಿ ಎರಡನ್ನೂ ಬರೆದಿಡಿ.

ಎರಡನೇದು, ಹೇಗೆ? ಗಲ್ಲಿ ಕಿರಿದು ಅಂತ ಅಲ್ಟ್ರಾವೈಡ್ ಹಾಕಿದ್ರೆ ಗೋಡೆ ಅಂಚುಗಳು ಎಳೆದ ಹಾಗೆ ಕಾಣುತ್ತೆ. ಎದುರಿನ ಜಗಲಿಗೆ ಬೆನ್ನು ಕೊಟ್ಟು, ಫೋನನ್ನ ಗೋಡೆಗೆ ಸಮಾನಾಂತರವಾಗಿ ಹಿಡಿದು ಎರಡು ಮೂರು ಭಾಗವಾಗಿ ತೆಗೆದು ಜೋಡಿಸಿ. ನಾನು ತೆಗೆದದ್ದು ವಾರ್ಲಿ ಶೈಲಿಯ ಚಿತ್ರ: ಕೆಂಪು ಹಿನ್ನೆಲೆ, ಬಿಳಿ ಗೆರೆ. ನಮ್ಮ ಸಾಗರದ ಕಡೆಯ ಹಸೆ ಚಿತ್ತಾರ ನೆನಪಾಯ್ತು. ಇಂಥ ಗೋಡೆಯಲ್ಲಿ ಕಪ್ಪು-ಕೆಂಪು ಭಾಗ ಜಾಸ್ತಿ ಇರೋದ್ರಿಂದ ಕ್ಯಾಮೆರಾ ಬೆಳಕು ಕಡಿಮೆ ಅಂದ್ಕೊಂಡು ಎಕ್ಸ್‌ಪೋಷರ್ ಏರಿಸುತ್ತೆ, ಬಿಳಿ ಗೆರೆ ಹರಡಿಬಿಡುತ್ತೆ. ಸ್ಲೈಡರ್ ಸ್ವಲ್ಪ ಕೆಳಗೆ ಎಳೀರಿ. ಮಧ್ಯಾಹ್ನದ ಬಿಸಿಲು ಬೇಡ, ನೆರಳಿರುವಾಗ ತೆಗೀರಿ.

ಈಗ ನನ್ನ ತಪ್ಪು. ಫ್ರೇಮ್ ಚೆಂದ ಕಾಣಲಿ ಅಂತ ಕೆಳಗಿದ್ದ ಕಲಾವಿದರ ಸಹಿಯನ್ನ ಕ್ರಾಪ್ ಮಾಡಿ, ವಿಡಿಯೋದ ಥಂಬ್‌ನೇಲ್‌ಗೆ ಹಾಕಿದ್ದೆ. ಒಬ್ಬ ವೀಕ್ಷಕರು ಬರೆದ್ರು: "ಸರ್, ಬೇರೆಯವರ ಕೋಡಲ್ಲಿ ಲೇಖಕರ ಹೆಸರು ಅಳಿಸ್ತೀರಾ?" ಉತ್ತರ ಇರಲಿಲ್ಲ. ಕಾಯ್ದೆ ಓದಿದೆ.

1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಟ್ಟಡದ ಫೋಟೋ ತೆಗೆದು ಹಾಕಬಹುದು. ಸಾರ್ವಜನಿಕ ಜಾಗದಲ್ಲಿ ಶಾಶ್ವತವಾಗಿರೋ ಶಿಲ್ಪದ್ದೂ ಸರಿ. ಆದ್ರೆ ಆ ಪಟ್ಟಿಯಲ್ಲಿ ವರ್ಣಚಿತ್ರ ಇಲ್ಲ! ಅಂದ್ರೆ ಹಳೇ ವಾಡೆಯ ಫೋಟೋ ಸಲೀಸು, ಅದೇ ವಾಡೆಯ ಗೋಡೆ ಮೇಲಿನ ಚಿತ್ರದ ಕ್ಲೋಸಪ್ ಹಾಗಲ್ಲ. ವಿಚಿತ್ರ ಏನಂದ್ರೆ, ಅಲ್ಲಿ ಶಾಶ್ವತವಾಗಿರೋ ಚಿತ್ರವನ್ನ ಚಲನಚಿತ್ರದಲ್ಲಿ ಸೇರಿಸೋದಕ್ಕೆ ಕಾಯ್ದೆ ಒಪ್ಪುತ್ತೆ. ಇನ್ನು 57ನೇ ಸೆಕ್ಷನ್, 'ಇದು ನನ್ನ ಕೃತಿ' ಅಂತ ಹೇಳೋ ಹಕ್ಕನ್ನ ಕಲಾವಿದರಿಗೇ ಕೊಡುತ್ತೆ. ಲೈಸೆನ್ಸ್ ಇಲ್ಲದ ಪಬ್ಲಿಕ್ ರೆಪೊ ಇದ್ದ ಹಾಗೆ: ಎಲ್ಲರಿಗೂ ಕಾಣುತ್ತೆ, ಆದ್ರೆ ಎಲ್ಲರದ್ದಲ್ಲ.

ಆಲ್ಬಮ್‌ಗೆ ತೆಗೆದುಕೊಳ್ಳೋದಕ್ಕೆ ತೊಂದರೆ ಇಲ್ಲ. ಮಾರೋದು, ಜಾಹೀರಾತಿಗೆ ಹಾಕೋದು ಇದ್ರೆ ಕೇಳಿ. ಸಹಿ ಸಮೇತ ಒಂದು ಫೋಟೋ ಯಾವಾಗಲೂ ತೆಗೀರಿ. ಮನೆ ಮುಂದೆ ಯಾರಾದ್ರೂ ಕೂತಿದ್ರೆ "ಫೋಟೋ ಕಾಢೂ ಕಾ?" ಅಂತ ಮರಾಠಿಯಲ್ಲೇ ಕೇಳಿ. ರಾಮಕುಂಡದಲ್ಲಿ ಸ್ನಾನ ಮಾಡೋರ ಕಡೆ ಕ್ಯಾಮೆರಾ ತಿರುಗಿಸಬೇಡಿ.

ನಾನು ಆ ಥಂಬ್‌ನೇಲ್ ತೆಗೆದುಹಾಕಿದೆ. ಸಹಿಯಲ್ಲಿದ್ದ ಹೆಸರು ಹಿಡಿದು ಕಲಾವಿದರನ್ನ ಹುಡುಕ್ತಾ ಇದ್ದೀನಿ. ಸಿಕ್ಕಿದ್ರೆ ಕ್ಷಮೆ ಕೇಳಿ, ಅನುಮತಿ ಕೇಳ್ತೀನಿ. ಮುಂದಿನ ಮಾತಿನಲ್ಲಿ ಸಿಗೋಣ.