ವಿದ್ಯುತ್ ಮಾರ್ಗದ ನಕ್ಷೆ ಎಲ್ಲರಿಗೂ ಮುಕ್ತ: ನೋಡುವುದು ಹೇಗೆ, ನಂಬುವುದು ಎಷ್ಟು?



ಹೊಲದ ಮೇಲೆ ಹಾದುಹೋದ ಹೈಟೆನ್ಷನ್ ತಂತಿ ಎಲ್ಲಿಂದ ಬಂತು, ಎಲ್ಲಿಗೆ ಹೋಗುತ್ತದೆ, ಎಷ್ಟು ಕೆ.ವಿ.ಯದು ಎಂದು ತಿಳಿಯಲು ಗಡಿನಾಡಿನವರಾದ ನಮಗೆ ಒಂದು ತೊಡಕಿದೆ. ತಂತಿ ಗಡಿ ದಾಟುತ್ತದೆ. ರಾಜ್ಯದ ಕಚೇರಿಯ ನಕ್ಷೆ ಗಡಿಗೇ ನಿಲ್ಲುತ್ತದೆ. ರಾಯಚೂರು–ಸೊಲ್ಲಾಪುರ 765 ಕೆ.ವಿ. ಮಾರ್ಗವನ್ನೇ ನೋಡಿ. 2013ರ ಡಿಸೆಂಬರ್ 31ರಂದು ಈ ಮಾರ್ಗದ ಮೂಲಕವೇ ದಕ್ಷಿಣದ ವಿದ್ಯುತ್ ಜಾಲವು ದೇಶದ ಉಳಿದ ಜಾಲದೊಂದಿಗೆ ಒಂದೇ ಆವರ್ತನದಲ್ಲಿ ಸೇರಿತು.

ಇಂಥ ಮಾರ್ಗಗಳನ್ನು ಗಡಿಯ ಎರಡೂ ಕಡೆ ಒಟ್ಟಿಗೆ ನೋಡಲು ಓಪನ್‌ಸ್ಟ್ರೀಟ್‌ಮ್ಯಾಪ್ ಇದೆ. 2004ರಲ್ಲಿ ಇಂಗ್ಲೆಂಡಿನಲ್ಲಿ ಆರಂಭವಾದ ಇದು ಜನರೇ ಸೇರಿ ತುಂಬುವ ನಕ್ಷೆ. ಟವರಿಗೆ ಒಂದು ಚುಕ್ಕಿ, ತಂತಿಗೆ ಒಂದು ಗೆರೆ, ಜೊತೆಗೆ ಕೆ.ವಿ. ಮತ್ತು ಸಂಸ್ಥೆಯ ಹೆಸರನ್ನೂ ಬರೆಯಬಹುದು. ಇದರಿಂದ ವಿದ್ಯುತ್ ಭಾಗವನ್ನು ಆರಿಸಿ, ಕೆ.ವಿ.ಗೆ ತಕ್ಕ ಬಣ್ಣದಲ್ಲಿ ತೋರಿಸುವ ತಾಣ ಓಪನ್ ಇನ್‌ಫ್ರಾಸ್ಟ್ರಕ್ಚರ್ ಮ್ಯಾಪ್. ನೋಡಲು ಶುಲ್ಕವಿಲ್ಲ. ನೀತಿ ಆಯೋಗವೂ ಇಸ್ರೋ ಜೊತೆಗೂಡಿ 2021ರ ಅಕ್ಟೋಬರಿನಲ್ಲಿ ದೇಶದ ಇಂಧನ ನಕ್ಷೆಯನ್ನು ಸಾರ್ವಜನಿಕರಿಗೆ ತೆರೆದಿದೆ.

ಇದರಿಂದ ಭದ್ರತೆಗೆ ಅಪಾಯವಿಲ್ಲವೇ ಎಂಬ ಪ್ರಶ್ನೆ ನ್ಯಾಯವಾದದ್ದೇ. ಟವರುಗಳು ರಸ್ತೆಯಿಂದಲೂ ಉಪಗ್ರಹ ಚಿತ್ರದಲ್ಲೂ ಕಾಣುವಂಥವು. ನಕ್ಷೆ ಹೇಳುವುದು ಅಷ್ಟನ್ನೇ. ಸ್ಟೇಷನ್ನಿನೊಳಗಿನ ನಿಯಂತ್ರಣ ವ್ಯವಸ್ಥೆ ಅದರಲ್ಲಿಲ್ಲ. 2021ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರವೇ ನಕ್ಷೆ ತಯಾರಿಕೆಗೆ ಪೂರ್ವಾನುಮತಿಯ ಕಟ್ಟು ಸಡಿಲಿಸಿ, ಸೂಕ್ಷ್ಮ ಮಾಹಿತಿಗೆ ಮಾತ್ರ ನಿರ್ಬಂಧ ಉಳಿಸಿಕೊಂಡಿತು.

ಉಪಯೋಗವೇನು? ದೂರದೂರಿನಲ್ಲಿರುವ ಮಕ್ಕಳು ಊರಲ್ಲಿ ಜಮೀನು ಕೊಳ್ಳುವ ಮೊದಲು ಮೇಲೆ ತಂತಿ ಹಾದಿದೆಯೇ ಎಂದು ಒಮ್ಮೆ ನೋಡಬಹುದು. ಪರಿಹಾರದ ವಿಷಯದಲ್ಲೂ ಕೆ.ವಿ. ತಿಳಿದಿರಬೇಕು. ಕೇಂದ್ರ ವಿದ್ಯುತ್ ಸಚಿವಾಲಯದ 2024ರ ಜೂನ್ ಮಾರ್ಗಸೂಚಿ 66 ಕೆ.ವಿ. ಮತ್ತು ಮೇಲ್ಪಟ್ಟ ಮಾರ್ಗಗಳಿಗೆ ಸಂಬಂಧಿಸಿದ್ದು: ಟವರ್ ನಿಂತ ನೆಲಕ್ಕೆ ಭೂಮಿಯ ಬೆಲೆಯ ಶೇ. 200, ತಂತಿಯ ಕೆಳಗಿನ ಪಟ್ಟಿಗೆ ಶೇ. 30. ಇದನ್ನು ಒಪ್ಪಿ ಆದೇಶ ಹೊರಡಿಸಬೇಕಾದದ್ದು ಆಯಾ ರಾಜ್ಯ. ಆದ್ದರಿಂದ ಜಮೀನು ಯಾವ ರಾಜ್ಯದಲ್ಲಿದೆಯೋ ಅಲ್ಲಿನ ಜಿಲ್ಲಾಧಿಕಾರಿ ಕಚೇರಿಯಲ್ಲೇ ವಿಚಾರಿಸಿ.

ಎರಡು ಎಚ್ಚರಿಕೆಗಳು. ನಕ್ಷೆಯಲ್ಲಿ ಗೆರೆ ಇಲ್ಲವೆಂದ ಮಾತ್ರಕ್ಕೆ ತಂತಿ ಇಲ್ಲವೆಂದಲ್ಲ. ಅದನ್ನು ಇನ್ನೂ ಯಾರೂ ಗುರುತಿಸದೆ ಇರಬಹುದು. ಹಾಗೆಯೇ ಇದು ಸರ್ಕಾರಿ ದಾಖಲೆಯಲ್ಲ. ಅರ್ಜಿಗೆ ಸರ್ವೆ ನಕ್ಷೆ, ಪಹಣಿ ಅಥವಾ ನಿಮ್ಮ ರಾಜ್ಯದ ಸಮಾನ ದಾಖಲೆಯೇ ಬೇಕು.

ಬಿಟ್ಟುಹೋದ ಮಾರ್ಗವನ್ನು ನೀವೂ ಸೇರಿಸಬಹುದು. ಟವರಿನ ಅಪಾಯದ ಫಲಕದಲ್ಲಿ ಸಾಮಾನ್ಯವಾಗಿ ವೋಲ್ಟೇಜ್ ಬರೆದಿರುತ್ತದೆ. ದೂರದಿಂದಲೇ ಓದಿಕೊಳ್ಳಿ, ಟವರ್ ಹತ್ತಬೇಡಿ, ಬೇಲಿ ದಾಟಬೇಡಿ. ಗೂಗಲ್ ನಕ್ಷೆಯಿಂದ ನಕಲು ಮಾಡುವುದು ನಿಯಮಬಾಹಿರ. ಕಣ್ಣಾರೆ ಕಂಡದ್ದನ್ನಷ್ಟೇ ಬರೆಯಿರಿ. ಅಲ್ಲಿ ಊರಿನ ಹೆಸರನ್ನು ಕನ್ನಡದಲ್ಲಿ ಸೇರಿಸಲೂ ಅವಕಾಶವಿದೆ, ಅದನ್ನು ಮರೆಯಬೇಡಿ.

– ಕಾರ್ಯದರ್ಶಿ